ಇಲಿಗೂ ಚಳಿಯಾಗುತ್ತದೆ

ನಮ್ಮ ಪ್ರಯೋಗಾಲಯಗಳಲ್ಲಿ ಸಾಕಿದ ಬಿಳಿ ಇಲಿಗಳೆಲ್ಲ ಹುಟ್ಟಿದಾಗಿನಿಂದ ಸಾಯುವತನಕ ಚಳಿಯಲ್ಲಿ ನಡುಗುತ್ತಲೇ ಇದ್ದರೆ, ಆ ನಡುಕವನ್ನೇ ನಾವು ಇಲಿಯ ಸ್ವಭಾವ ಎಂದು ತಿಳಿದು ಪುಸ್ತಕದಲ್ಲಿ ಬರೆದುಕೊಂಡು ಕೂತಿದ್ದರೆ, ಆಗೇನು ಗತಿ? ಈ ಪ್ರಶ್ನೆಯನ್ನು ಕೇಳಬೇಕಾದವರು ದೊಡ್ಡ ದೊಡ್ಡ ವಿಜ್ಞಾನಿಗಳು. ಕೆಂಗುಡ್ಡದಲ್ಲಿ ಕೇಳಿದವಳು ಹಾಲವ್ವ. ಅದೂ ಬಾಯಿಬಿಟ್ಟು ಕೇಳಲಿಲ್ಲ. ಸುಮ್ಮನೆ ಒಂದು ತಪ್ಪು ಮಾಡಿದಳು, ಅಷ್ಟೆ.

ಕೆಂಗುಡ್ಡದ ಬುಡದಲ್ಲಿರುವ ಜ್ವರ ಸಂಶೋಧನಾ ಕೇಂದ್ರದಲ್ಲಿ ಹಾಲವ್ವನದು ಇಲಿ ನೋಡಿಕೊಳ್ಳುವ ಕೆಲಸ. ನಲವತ್ತಾರು ವರ್ಷ, ಗಟ್ಟಿ ಆಳು, ಮಾತು ಅದಕ್ಕಿಂತ ಗಟ್ಟಿ. ಹುಟ್ಟಿದ್ದು ಕುರಿ ಹಟ್ಟಿಯಲ್ಲಿ, ಕೊಟ್ಟದ್ದೂ ಕುರಿ ಹಟ್ಟಿಗೇ. ಕೇಂದ್ರದ ಕೆಲಸಕ್ಕೆ ಸೇರಿದ ದಿನ ಇಡೀ ಊರು ನಕ್ಕಿತ್ತು.

“ಕುರಿ ಕಾಯಾಕಿ ಇಲಿ ಕಾಯಾಕ ಹೊಂಟಾಳ ನೋಡ್ರಪಾ!”

“ಎರಡಕ್ಕೂ ನಾಲ್ಕ ಕಾಲ ಅದಾವ, ನಿಮ್ಮಂಗ ಹಲ್ಲ ಕಿಸಿಯೂದಿಲ್ಲ. ಅಷ್ಟ ಸಾಕು ನನಗ,” ಎಂದು ಹಾಲವ್ವ ಎಲ್ಲರ ಬಾಯಿ ಮುಚ್ಚಿಸಿದ್ದಳು.

ಕೇಂದ್ರ ಅಲ್ಲಿ ಬಂದದ್ದೇ ಕೆಂಗುಡ್ಡ ಜ್ವರದ ದೆಸೆಯಿಂದ. ಆರು ವರ್ಷದ ಹಿಂದೆ, ಬೇಸಿಗೆಯಲ್ಲಿ, ಗುಡ್ಡದ ಮೇಲೆ ಕುರಿ ಮೇಯಿಸಲು ಹೋದವರಿಗೆ ಅದು ಮೊದಲು ಕಾಣಿಸಿಕೊಂಡಿತು. ಕುರಿಯ ಮೈಗೆ ಅಂಟುವ ಉಣುಗು ಮನುಷ್ಯರನ್ನೂ ಕಚ್ಚುತ್ತದಲ್ಲ, ವೈರಸ್ಸು ಆ ದಾರಿ ಹಿಡಿದು ಬರುತ್ತಿತ್ತು. ಕುರಿಗೆ ಏನೂ ಆಗುವುದಿಲ್ಲ, ಆರಾಮಾಗಿ ಮೆಲುಕು ಹಾಕುತ್ತಿರುತ್ತದೆ. ಮನುಷ್ಯನಿಗೆ ಮಾತ್ರ ಮೂರು ದಿನ ಸುಡುವ ಜ್ವರ, ನಾಲ್ಕನೆಯ ದಿನ ಒಸಡಿನಿಂದ, ಮೂಗಿನಿಂದ ರಕ್ತ. ಹತ್ತು ಜನರಿಗೆ ಬಂದರೆ ಮೂವರು ಉಳಿಯುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಹನ್ನೊಂದು ಮಂದಿ ಹೋದರು. ಹಾಲವ್ವನ ಮೈದುನ ಅವರಲ್ಲೊಬ್ಬ.

ಈ ಜ್ವರಕ್ಕೆ ಔಷಧ ಹುಡುಕುತ್ತಿದ್ದವರು ಡಾಕ್ಟರ್ ಶಾಹಿನ್ ನದಾಫ್. ಹುಬ್ಬಳ್ಳಿಯವರು, ಸಣ್ಣ ಆಳು, ನಡೆದರೆ ಓಡಿದಂತೆ ಕಾಣುತ್ತಿತ್ತು. ಮಾಮೂಲಿ ಇಲಿಗೆ ಈ ಜ್ವರ ತಗಲುವುದೇ ಇಲ್ಲ. ಹಾಗಾಗಿ ಆಕೆ ಮನುಷ್ಯರ ರಕ್ತ ಹುಟ್ಟಿಸುವ ಜೀವಕೋಶಗಳನ್ನು ಇಲಿಮರಿಗಳ ಮೂಳೆಯೊಳಗೆ ನೆಟ್ಟು ಬೆಳೆಸಿದ್ದರು. ಹೊರಗೆ ನೋಡಿದರೆ ಇಲಿ, ಒಳಗೆ ಓಡುವುದು ಮುಕ್ಕಾಲು ಪಾಲು ನಮ್ಮ ನಿಮ್ಮಂಥವರ ರಕ್ತ. ಪ್ರತಿ ಇಲಿಯ ಚರ್ಮದ ಕೆಳಗೂ ಎಳ್ಳುಕಾಳಿನಷ್ಟು ಒಂದು ಯಂತ್ರ. ಮೈಯ ಬಿಸಿ, ಎದೆ ಬಡಿತ, ಒಳಗೆಲ್ಲಾದರೂ ರಕ್ತ ಜಿನುಗಿದರೆ ಅದು, ಎಲ್ಲವನ್ನೂ ಆ ಎಳ್ಳು ಹೊರಗಿನ ನಿಯಂತ್ರಣ ಕೋಣೆಗೆ ತಿಳಿಸುತ್ತಿತ್ತು. ಅಲ್ಲಿ ಗೋಡೆಯ ತುಂಬ ದೀಪ, ಇಲಿಗೊಂದರಂತೆ. ಹಸಿರು ಎಂದರೆ ಕ್ಷೇಮ, ಹಳದಿ ಎಂದರೆ ಕಾಯಿಲೆ, ಕೆಂಪು ಎಂದರೆ ಒಳಗೆ ರಕ್ತಸ್ರಾವ. ಕೆಂಪಿಗೆ ಬಂದ ಇಲಿಯನ್ನು ನರಳಲು ಬಿಡುವಂತಿರಲಿಲ್ಲ. ನಿದ್ರೆಯ ಅನಿಲ ಕೊಟ್ಟು ಕಳಿಸಿಬಿಡಬೇಕೆಂದು ನಿಯಮವಿತ್ತು.

ಔಷಧದ ಉಪಾಯ ಸರಳವಾದದ್ದು. ಅದು ವೈರಸ್ಸನ್ನು ತಾನೇ ಕೊಲ್ಲುವುದಿಲ್ಲ. ಹೋಗಿ ಅದಕ್ಕೆ ಅಂಟಿಕೊಂಡು, ಮೈಯ ಕಾವಲು ಪಡೆಗೆ ‘ಇವನೇ ಕಳ್ಳ, ಹಿಡೀರಿ’ ಎಂದು ತೋರಿಸಿಕೊಡುತ್ತದೆ. ಹಿಡಿದು ಬಡಿಯುವ ಕೆಲಸ ಮೈಯದೇ. ಗಾಜಿನ ಕೊಳವೆಯಲ್ಲಿ ಈ ಔಷಧ ಹೇಳಿ ಮಾಡಿಸಿದಂತೆ ಕೆಲಸ ಮಾಡಿತ್ತು. ಇಲಿಯಲ್ಲಿ ಎರಡು ಸಲ ಸೋತಿತ್ತು. ಈಗ ನಡೆದದ್ದು ಮೂರನೆಯದು, ಕಡೆಯದು ಕೂಡ. ಯಾಕೆಂದರೆ ಸರ್ಕಾರದ ಸಮಿತಿಯ ತಾಳ್ಮೆ ಮುಗಿದಿತ್ತು. ಔಷಧವಿಲ್ಲದಿದ್ದರೆ ಕುರಿಯನ್ನೇ ಇಲ್ಲವಾಗಿಸಿ, ಉಣುಗು ತಾನಾಗಿ ಸಾಯುತ್ತದೆ ಎಂಬುದು ಅವರ ಲೆಕ್ಕ. ಗುಡ್ಡದ ಸುತ್ತಿನ ಹದಿನಾಲ್ಕು ಹಳ್ಳಿಗಳ ಕುರಿಗಳಿಗೆ ಆಗಲೇ ಕಿವಿಗೊಂದು ಹಳದಿ ಬಿಲ್ಲೆ ಹೊಡೆದು ಹೋಗಿದ್ದರು. ಹಾಲವ್ವನ ಗಂಡ ಮಾಳಪ್ಪನ ಇನ್ನೂರು ಕುರಿಗಳಿಗೂ ಬಿಲ್ಲೆ ಬಿದ್ದಿತ್ತು.

ಆ ಸೋಮವಾರ ಮಧ್ಯಾಹ್ನ ನಿಯಂತ್ರಣ ಕೋಣೆಯಲ್ಲಿ ಹಾಲವ್ವ, ಡಾಕ್ಟರ್ ಶಾಹಿನ್ ಇಬ್ಬರೇ ಗೋಡೆ ನೋಡುತ್ತ ನಿಂತಿದ್ದರು. ಎಡಗಡೆಯ ಕಪಾಟಿನಲ್ಲಿ ಔಷಧ ಕೊಡದ ನಲವತ್ತು ಇಲಿ, ಬಲಗಡೆ ಔಷಧ ಕೊಟ್ಟ ನಲವತ್ತು. ಒಂದೊಂದು ಗೂಡಿನಲ್ಲಿ ಐದು. ಎರಡೂ ಕಡೆ ಸತ್ತ ಇಲಿಗಳ ದೀಪ ಆರಿಹೋಗಿದ್ದವು. ಬಲಗಡೆಯ ಕೊನೆಯ ಗೂಡಿನಲ್ಲಿ ಮಾತ್ರ ಐದು ಹಸಿರು ಚುಕ್ಕೆ ಮಿನುಗುತ್ತಿದ್ದವು.

“ಈ ಐದು ಹ್ಯಾಂಗ ಉಳದಾವ್ರಿ, ಡಾಕ್ಟರ್ ಬಾಯಾರ?” ಹಾಲವ್ವ ಮೆಲ್ಲಗೆ ಕೇಳಿದಳು.

“ವೈರಸ್ಸಿನ ಸೂಜಿ ಸರಿಯಾಗಿ ಇಳದಿಲ್ಲ ಅನಸ್ತೈತಿ, ಹಾಲವ್ವಕ್ಕ. ಇವನ್ನ ಲೆಕ್ಕದಾಗ ಹಿಡಿಯಾಕ ಬರೂದಿಲ್ಲ.” ಶಾಹಿನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಮುಗೀತು. ಶುಕ್ರವಾರ ಸಮಿತಿ ಬರ್ತೈತಿ. ಫೈಲ್ ಮುಚ್ಚತಾರ.”

ಸೂಜಿ ಸರಿಯಾಗಿ ಇಳಿದಿಲ್ಲ ಎಂದು ಡಾಕ್ಟರು ತಮ್ಮ ಕೈಯನ್ನೇ ದೂರುತ್ತಿದ್ದರು. ಆ ಗೂಡಿನಲ್ಲಿ ಏನಿತ್ತು ಎಂಬುದು ಹಾಲವ್ವನೊಬ್ಬಳಿಗೇ ಗೊತ್ತು.

ಮನೆಗೆ ಬಂದವಳೇ ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ಕುಸಿದು ಕೂತಳು. ಮಾಳಪ್ಪ ದೊಡ್ಡಿಯ ಮುಂದೆ ಮರಿಗಳಿಗೆ ಸೊಪ್ಪು ಹಾಕುತ್ತಿದ್ದ. ಹೆಂಡತಿ ಬಂದು ಒಂದು ಗಳಿಗೆಯಾದರೂ ಮಾತಾಡದೆ ಇರುವುದು ಅವನು ಮದುವೆಯಾದಾಗಿನಿಂದ ಕಂಡಿರದ ಸೋಜಿಗ. ಸೊಪ್ಪು ಕೆಳಗಿಟ್ಟು ಬಂದ.

“ಯಾಕ, ಇಲಿ ಕಚ್ಚಿತೇನ?”

“ಚ್ಯಾಷ್ಟಿ ಮಾಡಬ್ಯಾಡ್ರಿ. ನಾ ಒಂದ ದೊಡ್ಡ ತಪ್ಪ ಮಾಡೇನಿ.”

ತಪ್ಪು ಏನೆಂದರೆ ಇಷ್ಟೇ. ಇಲಿಗಳ ಕೋಣೆಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಮುಚ್ಚುವ ದಪ್ಪ ರಬ್ಬರಿನ ಅಂಗಿ ತೊಡಬೇಕು. ಅದರೊಳಗೆ ಮನುಷ್ಯ ಬೆಂದುಹೋಗುತ್ತಾನೆ. ಹಾಗಾಗಿ ಕೋಣೆಯ ಏಸಿಯನ್ನು ಇಪ್ಪತ್ತೆರಡು ಡಿಗ್ರಿಗೆ ಇಟ್ಟಿದ್ದರು. ಎಲ್ಲ ಕಡೆಯೂ ಹಾಗೇ ಇಡುತ್ತಾರಂತೆ. ಹಾಲವ್ವ ದಿನಾ ನೋಡುತ್ತಿದ್ದಳು, ತಣ್ಣನೆ ಗಾಳಿ ಬೀಸುವ ಕೊಳವೆಯ ಬಾಯಿಗೆ ನೇರವಾಗಿದ್ದ ಕೊನೆಯ ಎರಡು ಗೂಡುಗಳಲ್ಲಿ ಇಲಿಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗಿ ಮಲಗುತ್ತಿದ್ದವು. ಎಡಗಡೆಯದೊಂದು ಗೂಡು, ಬಲಗಡೆಯದೊಂದು. ಮಾಗಿಯಲ್ಲಿ ಹುಟ್ಟಿದ ಕುರಿಮರಿ ಹೀಗೆ ಮುದ್ದೆಯಾದರೆ ಹಟ್ಟಿಯ ಹೆಂಗಸರು ಏನು ಮಾಡುತ್ತಾರೆ? ಬುಟ್ಟಿಯೊಳಗೆ ತುಪ್ಪಟ ಹಾಸಿ, ಅದರಲ್ಲಿ ಮರಿಯನ್ನು ಹುದುಗಿಸಿಡುತ್ತಾರೆ. ಕುರಿಯ ಮೈಯಿಂದ ಕತ್ತರಿಸಿದ ಆ ಕೂದಲಿಗಿಂತ ಬೆಚ್ಚಗಿನ ಹಾಸಿಗೆ ಬೇರೆ ಇಲ್ಲ. ಹಾಲವ್ವನೂ ಅದನ್ನೇ ಮಾಡಿದಳು. ಮನೆಯಿಂದ ಎರಡು ಹಿಡಿ ತುಪ್ಪಟ ತಂದು, ತೊಳೆದು, ಇಲಿಗಳಿಗೆ ಹಾಸುವ ಭತ್ತದ ಹೊಟ್ಟಿನ ಜೊತೆ ಹಬೆಯಂತ್ರದಲ್ಲಿ ಬೇಯಿಸಿ ಶುದ್ಧ ಮಾಡಿ, ಆ ಎರಡು ಗೂಡುಗಳ ಹೊಟ್ಟಿನ ಕೆಳಗೆ ಸೇರಿಸಿಬಿಟ್ಟಳು. ಗೂಡಿಗೆ ಹೊಟ್ಟು, ನೀರು, ಕಾಳು ಬಿಟ್ಟು ಒಂದು ಎಳೆಯನ್ನೂ ಹೆಚ್ಚಿಗೆ ಹಾಕಬಾರದೆಂದು ಬಾಗಿಲ ಮೇಲೆ ಕನ್ನಡದಲ್ಲೇ ಬರೆದಿತ್ತು. ಹಾಲವ್ವನಿಗೆ ಓದಲು ಬರುತ್ತಿತ್ತು.

“ನಾ ತುಪ್ಪಟ ಹಾಕಿದ ಗೂಡ ಕೆಟ್ಟ ಹೋತು. ಡಾಕ್ಟರ್ ಬಾಯಾರು ಸೂಜಿ ತಪ್ಪೈತಿ ಅಂತ ತಿಳಕೊಂಡಾರ. ನನ್ನ ಕಾಲಾಗ ಅವರ ಮೂರ ವರ್ಷದ ಕೆಲಸ ಹಾಳಾತು.” ಹಾಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮಾಳಪ್ಪ ತಲೆ ಕೆರೆದುಕೊಂಡ. “ಆ ಗೂಡಿನ ಇಲಿ ಸತ್ತಾವೇನ?”

“ಇಲ್ರಿ, ಆರಾಮ ಅದಾವ. ಉಳದಾವೆಲ್ಲ ಸತ್ತಾವ.”

“ಹುಚ್ಚಿ! ಸತ್ತಿದ್ದಕ್ಕ ಅಳೂದ ಕೇಳೇನಿ, ಬದಕಿದ್ದಕ್ಕ ಅಳೂದ ಇವತ್ತ ನೋಡಿದೆ.” ಮಾಳಪ್ಪ ಅವಳ ಪಕ್ಕದಲ್ಲಿ ಕೂತ. “ಹೋಗಿ ಹೇಳು. ಕೆಲಸದಿಂದ ತಗದ್ರ ತಗೀತಾರ. ನನ್ನ ಕೂಡ ಕುರಿ ಕಾಯಾಕ ಬರುವಂತಿ.”

ಹಾಗೆಂದವನಿಗೆ ತಾನಾಡಿದ ಮಾತೇ ಚುಚ್ಚಿತು. ಕಾಯುವುದಕ್ಕೆ ಕುರಿ ಇದ್ದರೆ ತಾನೆ! ಇಬ್ಬರೂ ದೊಡ್ಡಿಯ ಕಡೆ ನೋಡಿದರು. ಆ ವರ್ಷ ಮಾಳಪ್ಪ ಕುರಿಗಳ ಕೂದಲನ್ನೇ ಕತ್ತರಿಸಿರಲಿಲ್ಲ. ಕತ್ತರಿಸಿದರೆ ಮುಂದಿನ ಕೂದಲು ಬೆಳೆಯುವ ತನಕ ಅವು ಇರುತ್ತವೆಂದು ಯಾವ ನಂಬಿಕೆ? ಕತ್ತರಿ ಕೈಗೆತ್ತಿಕೊಳ್ಳಲು ಅವನಿಗೆ ಮನಸ್ಸೇ ಬಂದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹಾಲವ್ವ ಉಳಿದ ತುಪ್ಪಟವನ್ನು ಒಂದು ಚೀಲಕ್ಕೆ ತುಂಬಿಕೊಂಡು ಹೋಗಿ ಡಾಕ್ಟರ್ ಶಾಹಿನರ ಮೇಜಿನ ಮೇಲಿಟ್ಟಳು. ಕಳವಿನ ಮಾಲಿನೊಂದಿಗೆ ತಾನಾಗಿ ಠಾಣೆಗೆ ಬಂದವಳ ಹಾಗೆ ನಿಂತು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಕೊನೆಗೆ, “ತಪ್ಪ ನಂದ್ರಿ. ನಿಮ್ಮ ಸೂಜಿದಲ್ಲ. ಕೆಲಸದಿಂದ ತಗೀರಿ, ಏನೂ ಅನ್ನೂದಿಲ್ಲ,” ಎಂದಳು.

ಶಾಹಿನರ ಮುಖ ಕೆಂಪಾಯಿತು. ಹಾಲವ್ವ ಕಣ್ಣು ಮುಚ್ಚಿ ಬೈಗುಳಕ್ಕೆ ಕಾದಳು.

“ಎಷ್ಟ ಗೂಡಿಗೆ ಹಾಕಿದ್ರಿ?”

“ಎರಡಕ್ಕ.”

“ಎಡಗಡೆ ಕೊನೇದಕ್ಕೂ ಹಾಕಿದ್ರೇನು?”

“ಹೌದ್ರಿ. ಅಲ್ಲೂ ಗಾಳಿ ಬಡೀತಿತ್ತಲ್ರಿ.”

ಡಾಕ್ಟರು ಕುರ್ಚಿಯಿಂದ ಎದ್ದ ರಭಸಕ್ಕೆ ಚಹಾದ ಲೋಟ ಉರುಳಿತು. ಅವರು ಕಂಪ್ಯೂಟರಿನಲ್ಲಿ ಹಳೆಯ ದೀಪಗಳ ದಾಖಲೆ ತೆಗೆದರು. ಎಡಗಡೆಯ ಕೊನೆಯ ಗೂಡಿನ ಐದು ಇಲಿಗಳಿಗೆ ಔಷಧ ಸಿಕ್ಕಿರಲಿಲ್ಲ. ಆದರೂ ಅವು ಬೇರೆ ಗೂಡಿನವುಗಳಿಗಿಂತ ಮೂರು ದಿನ ಹೆಚ್ಚಿಗೆ ಬಾಳಿದ್ದವು. ಇನ್ನೊಂದು ವಿಚಿತ್ರವೂ ಇತ್ತು. ಬೇರೆ ಎಲ್ಲ ಇಲಿಗಳ ಮೈ ಕಾಯಿಲೆ ಬಂದಾಗ ತಣ್ಣಗಾಗುತ್ತ ಹೋಗಿತ್ತು. ಈ ಎರಡು ಗೂಡುಗಳ ಇಲಿಗಳಿಗೆ ಮಾತ್ರ ಮನುಷ್ಯರಿಗೆ ಬರುವ ಹಾಗೆ ಸುಡುವ ಜ್ವರ ಬಂದಿತ್ತು. ಸಾಲು ಸಾವಿನ ಗಡಿಬಿಡಿಯಲ್ಲಿ ಬಲಗಡೆಯ ಆ ಐದು ದೀಪ ಹಳದಿಗೆ ಹೋಗಿ ಹಸಿರಿಗೆ ಮರಳಿದ್ದನ್ನು ಯಾರೂ ಗಮನಿಸಿರಲಿಲ್ಲ. ಅಂದರೆ ವೈರಸ್ಸಿನ ಸೂಜಿ ಸರಿಯಾಗಿಯೇ ಇಳಿದಿತ್ತು!

“ಹಾಲವ್ವಕ್ಕ, ಇಲ್ಲಿ ಕೂಡ್ರಿ.” ಶಾಹಿನ್ ಇನ್ನೊಂದು ಕುರ್ಚಿ ಎಳೆದು ಹಾಕಿದರು. “ನಮಗ ಇಪ್ಪತ್ತೆರಡು ಡಿಗ್ರಿ ಹಿತ ಅನಸ್ತೈತಿ. ಇಲಿಗೆ ಮೂವತ್ತು ಬೇಕು. ಇದನ್ನ ನಾನೂ ಎಲ್ಲೋ ಓದಿದ್ದೆ, ಓದಿ ಮರತಬಿಟ್ಟೆ. ಬೆರಳಿನಷ್ಟು ಜೀವ ಅದು. ತಿಂದದ್ದೆಲ್ಲ ಮೈ ಬಿಸಿ ಇಟ್ಕೊಳ್ಳಾಕ ಖರ್ಚಾಗಿ ಹೋಗ್ತೈತಿ. ನಮ್ಮ ಔಷಧ ಕಳ್ಳನ್ನ ತೋರಸ್ತು. ಹೊಡಿಯಾಕ ಅವುಗಳ ಮೈಯಾಗ ಕಸುವ ಇರಲಿಲ್ಲ. ನಿಮ್ಮ ತುಪ್ಪಟದಾಗ ಮಲಗಿದವಕ್ಕ ಕಸುವ ಇತ್ತು, ಹೊಡದ್ವು. ಔಷಧ ಸೋತಿಲ್ಲಕ್ಕ!”

“ಅಂದ್ರ ನಾ ಕೆಡಸಿಲ್ಲೇನ್ರಿ?”

“ಕೆಡಸಿದ್ದು ನಾನು! ನಮ್ಮಜ್ಜ ಹುಬ್ಬಳ್ಳಿ ಓಣಿ ಓಣಿ ತಿರಗಿ ಹತ್ತಿ ಅರಳಿ ಪಿಂಜಿ ಗಾದಿ ಮಾಡಿ ಕೊಡತಿದ್ದ. ಊರ ಮಂದೀನೆಲ್ಲ ಬೆಚ್ಚಗ ಮಲಗಿಸಿದಾವನ ಮೊಮ್ಮಗಳು ನಾನು, ಮೂರ ವರ್ಷ ಇಲಿಗಳನ್ನ ಥಂಡ್ಯಾಗ ಕೆಡವೇನಿ ನೋಡ್ರಿ!” ಎಂದು ಶಾಹಿನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಅತ್ತರು. ಹಾಲವ್ವ ಏನು ಮಾಡಬೇಕೋ ತಿಳಿಯದೆ ಚೆಲ್ಲಿದ ಚಹಾ ಒರೆಸಿದಳು.

ಒರೆಸಿ ಮುಗಿಸುವುದರೊಳಗೆ ಡಾಕ್ಟರ ನಗು ನಿಂತಿತ್ತು. ಐದು ಇಲಿಗಳ ಮಾತನ್ನು ಸಮಿತಿ ನಂಬಬೇಕಲ್ಲ. ಅದೂ ನಿಯಮ ಮುರಿದ ಗೂಡಿನ ಇಲಿಗಳ ಮಾತನ್ನು.

ಶುಕ್ರವಾರ ಸಮಿತಿಯ ಅಧ್ಯಕ್ಷರು ಬಂದರು. ಡಾಕ್ಟರ್ ಚೆಲುವನಾರಾಯಣ, ಮೈಸೂರಿನವರು, ಅರವತ್ತು ದಾಟಿದವರು. ಕೆಟ್ಟ ಮನುಷ್ಯರೇನಲ್ಲ. ಸತ್ತ ಹನ್ನೊಂದು ಮಂದಿಯ ಹೆಸರು ಬರೆದ ಪಟ್ಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಆದರೆ ನಿಯಮ ಎಂದರೆ ನಿಯಮ ಎನ್ನುವವರು. ಸಭೆಯ ಕೋಣೆಯಲ್ಲಿ ಶಾಹಿನ್ ಅರ್ಧ ತಾಸು ವಿವರಿಸಿದರು, ದೀಪಗಳ ಚಿತ್ರ ತೋರಿಸಿದರು. ಅಧ್ಯಕ್ಷರು ಮಫ್ಲರನ್ನು ಕತ್ತಿಗೆ ಇನ್ನೊಂದು ಸುತ್ತು ಸುತ್ತಿಕೊಂಡು ತಲೆಯಾಡಿಸಿದರು.

“ನೋಡಿ ಡಾಕ್ಟ್ರೇ, ನಿಮ್ಮ ಉತ್ಸಾಹ ನಂಗೆ ಅರ್ಥವಾಗುತ್ತೆ. ಆದ್ರೆ ಐದು ಇಲಿ! ಅದೂ ಯಾರೋ ಕದ್ದು ಉಣ್ಣೆ ಹಾಕಿದ ಗೂಡು. ಇದನ್ನ ನಂಬ್ಕೊಂಡು ನಾನು ಏನಂತ ಬರೀಲಿ? ಮುಂದಿನ ಬೇಸಿಗೇಲಿ ಮತ್ತೆ ಹನ್ನೊಂದು ಜನ ಹೋದ್ರೆ ಯಾರು ಜವಾಬ್ದಾರಿ?”

“ಹಾಕಿದವರನ್ನೇ ಕೇಳಿ ಸರ್,” ಎಂದು ಶಾಹಿನ್ ಹಾಲವ್ವನನ್ನು ಒಳಗೆ ಕರೆಸಿದರು.

ಹಾಲವ್ವ ಒಗೆದ ಇಳಕಲ್ಲ ಸೀರೆ ಉಟ್ಟುಕೊಂಡು ಬಂದಿದ್ದಳು. ಕೈ ಮುಗಿದು ನಿಂತಳು.

“ನೀವೇನಮ್ಮ ಉಣ್ಣೆ ಹಾಕಿದ್ದು? ಯಾಕೆ ಹಾಕಿದ್ರಿ?”

“ಅವಕ್ಕ ಥಂಡಿ ಹತ್ತಿತ್ರಿ, ಸಾಹೇಬ್ರ.”

“ಥಂಡಿ ಅಂತ ಅವು ಬಂದು ನಿಮ್ಮ ಹತ್ರ ಹೇಳಿದ್ವಾ?” ಅಧ್ಯಕ್ಷರು ನಸುನಕ್ಕರು. ಸುತ್ತ ಕೂತವರೂ ನಕ್ಕರು.

ಹಾಲವ್ವನಿಗೆ ಎಲ್ಲಿಂದ ಧೈರ್ಯ ಬಂತೋ. ಇನ್ನೂರು ಕುರಿಗಳ ಮುಖ ಕಣ್ಣ ಮುಂದೆ ಬಂದಿರಬೇಕು. “ನೀವು ಹೇಳೀರೇನ್ರಿ? ಬಂದಾಗಿಂದ ಆ ಮಫ್ಲರ್ ಮೂರ ಸಲ ಬಿಗಿ ಮಾಡ್ಕೊಂಡ್ರಿ. ಕೈ ಎರಡೂ ತೊಡಿ ಕೆಳಗ ಇಟ್ಕೊಂಡೀರಿ. ಬಿಸಿ ಉಪ್ಪಿಟ್ಟ ಮುಂದ ಇಟ್ಟಾರ, ಹಂಗ ಆರಿ ಹೋಗೈತಿ. ನಿಮಗ ಥಂಡಿ ಆಗೈತಿ ಅಂತ ನನಗ ತಿಳೀತು. ಇಲಿ ಬ್ಯಾರೆ, ನೀವು ಬ್ಯಾರೆ ಏನ್ರಿ?”

ಶಾಹಿನ್ ಬಾಯಿಗೆ ಕೈ ಅಡ್ಡ ಹಿಡಿದರು. ಅಧ್ಯಕ್ಷರು ನಿಧಾನವಾಗಿ ತೊಡೆಯ ಕೆಳಗಿನಿಂದ ಕೈ ಹೊರತೆಗೆದು, ಅವನ್ನೇ ನೋಡಿಕೊಂಡರು. ಆಮೇಲೆ ಮೇಜು ಕುಟ್ಟಿ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು.

“ಯಾರಾದ್ರೂ ಆ ಏಸಿ ಆರಿಸ್ರಪ್ಪ ಮೊದಲು! ಬೆಳಿಗ್ಗೆಯಿಂದ ಹೇಳೋಕೆ ಸಂಕೋಚ ಪಡ್ತಾ ಕೂತಿದೀನಿ.” ನಗು ಇಳಿದ ಮೇಲೆ ಅವರು ಗಂಭೀರವಾದರು. “ಮೂರು ವಾರ ಕೊಡ್ತೀನಿ, ಡಾಕ್ಟ್ರೇ. ಇನ್ನೊಂದು ಸಲ ಮಾಡಿ, ಎಲ್ಲಾ ಇಲಿಗೂ ಮೂವತ್ತು ಡಿಗ್ರಿ ಇಟ್ಟು, ಸರಿಯಾಗಿ ಬರೆದಿಟ್ಟು ಮಾಡಿ. ಅಲ್ಲೀವರೆಗೂ ಕುರಿ ಮುಟ್ಟೋದಿಲ್ಲ. ಇಪ್ಪತ್ತೆರಡನೇ ದಿನ ಮಾತ್ರ ನನ್ನ ಕೈಲಿ ಏನೂ ಇರಲ್ಲ.”

ಮೂರು ವಾರ! ಹಾಲವ್ವ ಮನೆಗೆ ನಡೆದು ಹೋದಳೋ ಹಾರಿ ಹೋದಳೋ ಅವಳಿಗೇ ನೆನಪಿಲ್ಲ. ಹೋದವಳೇ ಅಟ್ಟದ ಮೇಲಿಂದ ಕತ್ತರಿ ಇಳಿಸಿ ಗಂಡನ ಮುಂದೆ ಹಿಡಿದಳು.

“ತಗೋರಿ. ಕುರಿ ಕತ್ತರಸ್ರಿ.”

“ಇನ್ನೂ ಏನೂ ತೀರ್ಮಾನ ಆಗಿಲ್ಲಲ್ಲ?”

“ನನ್ನ ಇಲಿಗೋಳಿಗೆ ತುಪ್ಪಟ ಬೇಕಾಗೇತಿ. ಈ ಸಲ ಕದ್ದ ಅಲ್ಲ, ಡಾಕ್ಟರ್ ಬಾಯಾರು ಚೀಟಿ ಬರದ ಕೊಟ್ಟಾರ. ಹದಿನಾರ ಗೂಡಿಗೆ ಒಂದ ತೂಕದ್ದು. ನಿಮಗ ಕತ್ತರಿಸಾಕ ಆಗದಿದ್ರ ಹೇಳ್ರಿ, ನಾನ ಕತ್ತರಸ್ತೀನಿ.”

ಮಾಳಪ್ಪ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಓದಲು ಬರದಿದ್ದರೂ ಮೊಹರು ಕಂಡಿತು. ಸರ್ಕಾರ ಕುರಿಯ ಕಿವಿಗೆ ಬಿಲ್ಲೆ ಹೊಡೆಯುವುದನ್ನು ಅವನು ಕಂಡಿದ್ದ, ಕುರಿಯ ಕೂದಲು ಬೇಕೆಂದು ಚೀಟಿ ಕಳಿಸುವುದನ್ನು ಇದೇ ಮೊದಲು ಕಂಡದ್ದು. ಮೀಸೆಯೊಳಗೇ ನಕ್ಕು ಕತ್ತರಿ ಮಸೆಯಲು ಕೂತ. ಆ ಸಂಜೆ ಗಂಡ ಹೆಂಡತಿ ಸೇರಿ ಹನ್ನೆರಡು ಕುರಿಗಳ ಕೂದಲು ಕತ್ತರಿಸಿದರು. ಬೋಳಾದ ಕುರಿಗಳು ಒಂದನ್ನೊಂದು ಗುರುತು ಹಿಡಿಯದೆ ಮೂಸಿ ನೋಡುವುದನ್ನು ಕಂಡು ಹಾಲವ್ವ ಬಹಳ ದಿನಗಳ ಮೇಲೆ ಮನಸಾರೆ ನಕ್ಕಳು.

ನಾಲ್ಕನೆಯ ಪ್ರಯೋಗ ಸುರುವಾಯಿತು. ಕೋಣೆಗೆ ಮೂವತ್ತು ಡಿಗ್ರಿ, ಗೂಡಿಗೆ ತುಪ್ಪಟ. ಇಲಿಗಳು ಮೊದಲ ದಿನವೇ ತುಪ್ಪಟವನ್ನು ಎಳೆ ಎಳೆಯಾಗಿ ಬಿಡಿಸಿ, ದುಂಡಗೆ ಗೂಡು ಕಟ್ಟಿಕೊಂಡು, ಕಾಲು ಚಾಚಿ ಮಲಗಿದವು. ಇಲಿ ಕಾಲು ಚಾಚಿ ಮಲಗುವುದನ್ನು ಶಾಹಿನ್ ಅಲ್ಲಿಯವರೆಗೆ ನೋಡಿಯೇ ಇರಲಿಲ್ಲವಂತೆ. ಈಗ ಬೇಯುವ ಪಾಳಿ ಮನುಷ್ಯರದು. ರಬ್ಬರಿನ ಅಂಗಿಯೊಳಗೆ ಒಂದು ತಾಸು ಕೆಲಸ ಮಾಡಿ ಬಂದರೆ ಹಾಲವ್ವನ ಮೈಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. “ಇದ್ದಷ್ಟ ನೀರ ಇಳೀಲಿ, ನನ್ನ ಮೈ ಭಾರ ಆಗಿತ್ತ ಬಿಡ್ರಿ,” ಎನ್ನುತ್ತ ಎರಡು ತಂಬಿಗೆ ಮಜ್ಜಿಗೆ ಕುಡಿದು ಮತ್ತೆ ಒಳಗೆ ಹೋಗುತ್ತಿದ್ದಳು.

ವೈರಸ್ಸು ಕೊಟ್ಟ ಮೂರನೆಯ ದಿನ ಗೋಡೆಯ ಎಂಬತ್ತೂ ದೀಪಗಳು ಹಳದಿಯಾದವು. ಹಾಲವ್ವನ ಜೀವ ಬಾಯಿಗೆ ಬಂತು. ಪಕ್ಕಕ್ಕೆ ತಿರುಗಿ ನೋಡಿದರೆ ಡಾಕ್ಟರ್ ಶಾಹಿನ್ ಕುಣಿಯುತ್ತಿದ್ದಾರೆ!

“ಜ್ವರ ಬಂತು! ಹಾಲವ್ವಕ್ಕ, ಜ್ವರ ಬಂತು!”

“ಜ್ವರ ಬಂದ್ರ ಕುಣಿಯೂದೇನ್ರಿ?” ಹಾಲವ್ವ ಗದರಿಸಿದಳು. “ಇಲಿ ಆಸ್ಪತ್ರ್ಯಾಗ ಮಲಗ್ಯಾವ, ನೀವು ಮದುವಿ ಮನ್ಯಾಗ ಕುಣದಂಗ ಕುಣಿತೀರಲ್ಲ!”

“ಮನುಷ್ಯಾರಿಗೆ ಬರೋ ಜ್ವರ ಇದು. ಹಂಗ, ಅದೇ ದಿನ, ಅಷ್ಟೇ ಬಿಸಿ. ಮೂರು ವರ್ಷದಿಂದ ಇದಕ್ಕ ಕಾದಿದ್ದೆ. ಈಗ ಈ ಇಲಿ ಏನ್ ಹೇಳತಾವೋ ಅದು ನಮ್ಮ ಬಗ್ಗೆ ಹೇಳಿದಂಗ.” ಶಾಹಿನ್ ಬಲಗಡೆಯ ನಲವತ್ತು ಇಲಿಗಳಿಗೆ ಔಷಧ ಕೊಡಲು ಆಗಲೇ ಹೊರಟಿದ್ದರು.

ನಾಲ್ಕನೆಯ ದಿನವೂ ಹಳದಿ, ಐದನೆಯ ದಿನವೂ ಹಳದಿ. ಆರನೆಯ ದಿನ ಎಡಗಡೆ ಕೆಂಪು ಕಾಣಿಸಿತು, ಬಲಗಡೆಯೂ ಎರಡು ಕೆಂಪಾದವು. ಆ ಎರಡು ಇಲಿಗಳನ್ನು ಹಾಲವ್ವ ತನ್ನ ಕೈಯಾರೆ ಎತ್ತಿ ಕಳಿಸಿದಳು, ಪ್ರತಿ ಸಲದಂತೆ “ಹೋಗಿ ಬಾ ನಮ್ಮವ್ವ” ಎಂದಳು. ಹೊರಗೆ ಬಂದಾಗ ಶಾಹಿನ್ ಉಗುರು ಕಚ್ಚುತ್ತಿದ್ದರು. ಮನೆಯಲ್ಲಿ ರೊಟ್ಟಿ ಬಡಿಯುತ್ತ ಹಾಲವ್ವ, “ಎರಡ ಹೋದ್ವು,” ಎಂದಳು. ಮಾಳಪ್ಪ ತಾಟಿನಲ್ಲಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ದೊಡ್ಡಿಗೆ ಹೋಗಿ ಕೂತ.

ಏಳನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಬಲಗಡೆ, ಮೇಲಿನ ಸಾಲಿನಲ್ಲಿ, ಒಂದು ದೀಪ ಹಸಿರಾಯಿತು. ಹಾಲವ್ವ ಕಣ್ಣುಜ್ಜಿಕೊಂಡು ನೋಡಿದಳು. ಹನ್ನೊಂದಕ್ಕೆ ಇನ್ನೆರಡು. ಮಧ್ಯಾಹ್ನದ ಊಟಕ್ಕೆ ಯಾರೂ ಏಳಲಿಲ್ಲ. ಅಡುಗೆಯವರು ಬಂದು ನೋಡಿ ತಾವೂ ಅಲ್ಲೇ ನಿಂತರು, ಆಮೇಲೆ ಕಾವಲುಗಾರರು, ಲೆಕ್ಕಪತ್ರದವರು, ಕಸ ಗುಡಿಸುವವರು. ಪ್ರತಿ ದೀಪ ತಿರುಗಿದಾಗಲೂ ಕೋಣೆಯಲ್ಲಿ “ಹೋ!” ಎಂದು ಕೂಗು. ಸಂಜೆ ನಾಲ್ಕರ ಹೊತ್ತಿಗೆ ಬಲಗಡೆ ಮೂವತ್ತೊಂದು ಹಸಿರು. ಮರುದಿನ ಮೂವತ್ತೆಂಟು. ಔಷಧ ಕೊಡದ ಎಡಗಡೆಯ ದೀಪಗಳು ಮಾತ್ರ ಒಂದೊಂದಾಗಿ ಕೆಂಪಾಗಿ ಆರಿಹೋದವು. ಸೂಜಿ ಸರಿಯಾಗಿ ಇಳಿದಿರಲಿಕ್ಕಿಲ್ಲ ಎಂದು ಈ ಸಲ ಯಾರೂ ಹೇಳುವಂತಿರಲಿಲ್ಲ. ಶಾಹಿನ್ ಹಾಲವ್ವನನ್ನು ತಬ್ಬಿಕೊಂಡು, ನೆಲದಿಂದ ಎತ್ತಲು ನೋಡಿ, ಆಗದೆ, ಇಬ್ಬರೂ ಕುರ್ಚಿಯ ಸಮೇತ ಬಿದ್ದರು.

ಕುರಿಗಳ ಆದೇಶ ರದ್ದಾಯಿತು. ಬಿಲ್ಲೆ ಹೊಡೆದವರೇ ಬಂದು ಬಿಲ್ಲೆ ಬಿಚ್ಚಿದರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇಸಿಗೆ ಹತ್ತಿರವಾಗುತ್ತಿತ್ತು. ಗುಡ್ಡ ಹತ್ತುವ ಕುರಿಗಾಹಿಗಳಿಗೆ ಮೊದಲೇ ಔಷಧ ಚುಚ್ಚಿ ಕಳಿಸಿದರೆ ಜ್ವರ ಹತ್ತಿರ ಸುಳಿಯಲಾರದು ಎಂಬುದು ಶಾಹಿನರ ಲೆಕ್ಕ. ಇಲಿಯಾದ ಮೇಲೆ ಕೋತಿಗಳಲ್ಲಿ ನೋಡಿ ಆಗಿತ್ತು, ತುರ್ತು ಅನುಮತಿಯೂ ಸಿಕ್ಕಿತ್ತು. ಉಳಿದದ್ದು ಒಂದೇ, ಮೊದಲ ಮನುಷ್ಯ. ಮನಸಾರೆ ಒಪ್ಪಿ, ಅರ್ಥ ಮಾಡಿಕೊಂಡು, ತಾನಾಗಿ ಮುಂದೆ ಬರುವವರು ಬೇಕು. ಹದಿನಾಲ್ಕು ಹಳ್ಳಿಯಲ್ಲಿ ಡಂಗುರ ಸಾರಿದರು. ಜನ ಔಷಧ ಬಂತೆಂದು ಖುಷಿಪಟ್ಟರು, ಆದರೆ ಮೊದಲ ಸೂಜಿ ಎಂದಾಗ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಬರದಿದ್ದರೆ ಮಂದಿ ಔಷಧವಿಲ್ಲದೆಯೇ ಗುಡ್ಡ ಹತ್ತುತ್ತಾರೆ, ಮತ್ತೆ ಹನ್ನೊಂದೋ ಹದಿನೈದೋ. ಹಾಲವ್ವ ಮನೆಯಲ್ಲಿ ಈ ಮಾತು ಎತ್ತಲೇ ಇಲ್ಲ. ತನ್ನ ಕೈಯ ಕೆಲಸದ ಮೇಲೆ ತನಗೇ ನಂಬಿಕೆಯಿದ್ದರೂ, ಗಂಡನ ತೋಳನ್ನು ಮುಂದಿಡು ಎನ್ನಲು ನಾಲಿಗೆ ಹೊರಳಲಿಲ್ಲ.

ಆ ದಿನ ಬೆಳಿಗ್ಗೆ ಕೇಂದ್ರದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಚೆಲುವನಾರಾಯಣರು ಅರ್ಜಿಗಳ ಕಟ್ಟು ಮುಂದಿಟ್ಟುಕೊಂಡು ಕೂತಿದ್ದರು. ಜನ ದೂರದಲ್ಲಿ ಗುಂಪಾಗಿ ನಿಂತಿದ್ದರು. ಗುಂಪು ಅಲ್ಲಾಡಿತು, ನಡುವಿನಿಂದ ಮಾಳಪ್ಪ ಬಂದ. ತಲೆಗೆ ಹೊಸ ರುಮಾಲು, ಹೆಗಲ ಮೇಲೆ ಕಂಬಳಿ. ಸೂಜಿಯ ತಟ್ಟೆ ಹಿಡಿದು ನಿಂತಿದ್ದ ಹಾಲವ್ವ ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು.

“ಹೆಬ್ಬೆಟ್ಟ ಎಲ್ಲಿ ಒತ್ಲಿ ಹೇಳ್ರಿ,” ಎಂದ ಮಾಳಪ್ಪ.

ಅಧ್ಯಕ್ಷರು ಅವನನ್ನು ಕೂಡಿಸಿ, ಅರ್ಜಿಯ ಒಂದೊಂದು ಸಾಲನ್ನೂ ಓದಿ ವಿವರಿಸಿದರು. ಏನೇನು ಆಗಬಹುದು, ಏನೇನು ಗೊತ್ತಿಲ್ಲ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಕೊನೆಗೆ ಕನ್ನಡಕದ ಮೇಲಿಂದ ನೋಡಿ, “ಯೋಚನೆ ಮಾಡಿ ಯಜಮಾನ್ರೇ. ಅವಸರ ಇಲ್ಲ. ಇದನ್ನ ತಗೊಂಡ ಮನುಷ್ಯರು ಯಾರೂ ಇಲ್ಲ ಇನ್ನೂ. ಇಲಿ, ಕೋತಿ ಬದುಕಿವೆ ಅಷ್ಟೇ. ನಿಮಗೆ ಹೆದರಿಕೆ ಆಗಲ್ವಾ?” ಎಂದು ಕೇಳಿದರು.

“ಆ ಇಲಿ ಯಾರ ಕೈಯಾಗ ಬದಕ್ಯಾವ್ರಿ, ಸಾಹೇಬ್ರ?” ಮಾಳಪ್ಪ ಹಾಲವ್ವನ ಕಡೆ ಬೆರಳು ತೋರಿಸಿದ. “ಆಕಿ ಕೈಯಾಗ. ಇಪ್ಪತ್ತೆಂಟ ವರ್ಷ ಆತು, ನಾನೂ ಅದ ಕೈಯಾಗ ಉಂಡ ಬದಕೇನಿ. ಯಾತರ ಹೆದರಿಕಿ?”

ಗುಂಪಿನಲ್ಲಿ ಯಾರೋ ನಕ್ಕರು, ಯಾರೋ ಮೂಗು ಎಳೆದರು. ಮಾಳಪ್ಪ ಕಂಬಳಿ ಸರಿಸಿ ತೋಳು ಮುಂದಿಟ್ಟ. ಹಾಲವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದು, “ಅಲ್ಲಾಡಬ್ಯಾಡ್ರಿ ಮತ್ತ,” ಎಂದು ಗದರಿಸಿ, ಅವನ ಮೊಣಕೈ ಹಿಡಿದು ನಿಂತಳು. ಡಾಕ್ಟರ್ ಶಾಹಿನ್ ಸೂಜಿ ಇಳಿಸಿದರು. ಹಿಂದೆ, ಅಂಗಳದ ಬಾಗಿಲಿನಿಂದ ಶಾಮಿಯಾನದವರೆಗೆ, ಸೂಜಿಗೆಂದು ಅಂಗಿಯ ತೋಳು ಮಡಿಸಿಕೊಂಡ ಜನರ ಸಾಲು ಬೆಳೆಯುತ್ತಿತ್ತು.